ಗಡಿಯಾರ ಓದುವ ಕೆಲಸ: ಪದೇ ಪದೇ ಕೇಳುವ ಪ್ರಶ್ನೆಗಳು

ಮಂಗಳೂರಿನಲ್ಲಿ ಸಂಜೆ ಹೊತ್ತು ನಾನು ಕೆಳಹಂತದ ಪ್ರೋಗ್ರಾಮಿಂಗ್ ಹೇಳಿಕೊಡುತ್ತೇನೆ. ಸುರತ್ಕಲ್, ನಿಟ್ಟೆ, ಮಣಿಪಾಲ ಕಡೆಯ ವಿದ್ಯಾರ್ಥಿಗಳು ಬರುತ್ತಾರೆ. ಬೈಕಂಪಾಡಿಯ ಸಣ್ಣ ಕಾರ್ಖಾನೆಗಳಿಗೆ ನಿಯಂತ್ರಣ ಪೆಟ್ಟಿಗೆ ಮಾಡಿಕೊಡುವವರೂ ಬರುತ್ತಾರೆ. ಅವರೆಲ್ಲ ಕೇಳುವ ಪ್ರಶ್ನೆಗಳಲ್ಲಿ ಗಡಿಯಾರದ ಪಾಲು ದೊಡ್ಡದು. ಮತ್ತೆ ಮತ್ತೆ ಬಂದವುಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಆದೇಶ, ರಿಜಿಸ್ಟರ್ (ಚಿಪ್ಪಿನೊಳಗಿನ ಪುಟ್ಟ ನೆನಪಿನ ಖಾನೆ), ಫಂಕ್ಷನ್‌ಗಳ ಹೆಸರುಗಳನ್ನು ನಾವು ಬಾಯಲ್ಲಿ ಹೇಳುವ ಹಾಗೆಯೇ ಕನ್ನಡದಲ್ಲಿ ಬರೆದಿದ್ದೇನೆ.

## ಮೊದಲು ತಿಳಿಯಬೇಕಾದವು

ಕಂಪ್ಯೂಟರಿನಲ್ಲಿ ಇರುವುದು ಒಂದು ಗಡಿಯಾರ ತಾನೇ? ಅದಕ್ಕೆ ಇಷ್ಟೊಂದು ಹೆಸರು ಏಕೆ?

ಒಂದಲ್ಲ, ಐದಾರು ಇವೆ. “ಗಂಟೆ ಎಷ್ಟು?” ಎಂದು ಕೇಳುವುದು ಒಂದು, “ಎಷ್ಟು ಹೊತ್ತಾಯಿತು?” ಎಂದು ಕೇಳುವುದು ಇನ್ನೊಂದು. “ಎಷ್ಟು ಹೆಜ್ಜೆ ನಡೆದೆ?” ಎನ್ನುವುದು ಮೂರನೆಯದು. ಕನ್ನಡದಲ್ಲಿ ಈ ಮೂರನ್ನೂ ಯಾರೂ ಬೆರೆಸುವುದಿಲ್ಲ. ಪ್ರೋಗ್ರಾಂ ಬರೆಯಲು ಕುಳಿತಾಗ ಮಾತ್ರ ಮೂರಕ್ಕೂ ಒಂದೇ ಫಂಕ್ಷನ್ ಕರೆದುಬಿಡುತ್ತೇವೆ. ಈ ಪುಟದ ಮುಕ್ಕಾಲು ಪ್ರಶ್ನೆಗಳು ಹುಟ್ಟುವುದು ಆ ಬೆರಕೆಯಿಂದಲೇ.

ಹೆಸರುಗಳು ಬೆಳೆದದ್ದು ಚರಿತ್ರೆಯಿಂದ. 1981ರ ಐಬಿಎಂ ಪಿಸಿಯಲ್ಲಿ 14.31818 ಮೆಗಾಹರ್ಟ್ಸ್‌ನ (ಸೆಕೆಂಡಿಗೆ ಅಷ್ಟು ದಶಲಕ್ಷ ಸಲ ಕಂಪಿಸುವ) ಒಂದು ಹರಳಿತ್ತು. ಅಮೆರಿಕದ ಬಣ್ಣದ ಟಿವಿಗೆ ಬೇಕಾದ ಆವರ್ತನದ ನಾಲ್ಕು ಪಟ್ಟು ಅದು. ಅದನ್ನು 3ರಿಂದ ಭಾಗಿಸಿ ಪ್ರೊಸೆಸರಿಗೆ 4.77 ಮೆಗಾಹರ್ಟ್ಸ್, 12ರಿಂದ ಭಾಗಿಸಿ ಟೈಮರ್ ಚಿಪ್‌ಗೆ 1.193182 ಮೆಗಾಹರ್ಟ್ಸ್ ಕೊಟ್ಟರು. ಟೈಮರ್ ಅದನ್ನು ಮತ್ತೆ 65,536ರಿಂದ ಭಾಗಿಸಿದಾಗ ಡಾಸ್ ಕಾಲದ ಪ್ರಸಿದ್ಧ “ಸೆಕೆಂಡಿಗೆ 18.2 ಟಿಕ್” ಬಂತು. ಆಮೇಲೆ 3.579545 ಮೆಗಾಹರ್ಟ್ಸ್‌ನ ಎಸಿಪಿಐ ಟೈಮರ್ ಸೇರಿತು, ಕನಿಷ್ಠ 10 ಮೆಗಾಹರ್ಟ್ಸ್ ಇರಲೇಬೇಕಾದ ಎಚ್‌ಪಿಇಟಿ ಎಂಬ ಟೈಮರ್ ಸೇರಿತು, ಪ್ರತಿ ಕೋರಿನ (ಪ್ರೊಸೆಸರಿನಲ್ಲಿ ಸ್ವತಂತ್ರವಾಗಿ ದುಡಿಯುವ ಘಟಕದ) ಒಳಗೆ ಒಂದು ಟೈಮರ್ ಬಂತು, ಪ್ರೊಸೆಸರಿನೊಳಗೆ ಟಿಎಸ್‌ಸಿ ಎಂಬ ಎಣಿಕೆ ಬಂತು. ಹೊಸಬರು ಮನೆಗೆ ಬಂದರೆಂದು ಹಳಬರನ್ನು ಯಾರೂ ಹೊರಗೆ ಹಾಕಲಿಲ್ಲ.

ಕರೆಂಟು ಹೋದರೂ ಲ್ಯಾಪ್‌ಟಾಪಿಗೆ ದಿನಾಂಕ ನೆನಪಿರುತ್ತದೆ. ನನ್ನ ರಾಸ್ಪ್‌ಬೆರಿ ಪೈಗೆ ಏಕೆ ಇಲ್ಲ?

ಪಿಸಿಯ ಮದರ್‌ಬೋರ್ಡಿನಲ್ಲಿ ಆರ್‌ಟಿಸಿ ಎಂಬ ಪುಟ್ಟ ಗಡಿಯಾರಕ್ಕೆ ಒಂದು ಗುಂಡಿ ಬ್ಯಾಟರಿ ಇರುತ್ತದೆ. ಪೈ ಎಂಬ ಅಂಗೈಯಗಲದ ಕಂಪ್ಯೂಟರಿನ ನಾಲ್ಕನೇ ಮಾದರಿಯವರೆಗೆ ಆರ್‌ಟಿಸಿಯೇ ಇಲ್ಲ. ಐದನೆಯದರಲ್ಲಿ ಇದೆ, ಆದರೆ ಬ್ಯಾಟರಿಯನ್ನು ನೀವೇ ಕೊಂಡು ಜೋಡಿಸಬೇಕು.

ಆರ್‌ಟಿಸಿಯ ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಅದು 2ರ 15ನೇ ಘಾತ. ಹದಿನೈದು ಸಲ ಅರ್ಧ ಮಾಡಿದರೆ ಸೆಕೆಂಡಿಗೆ ಒಂದು ಬಡಿತ ಉಳಿಯುತ್ತದೆ. ನಿಮ್ಮ ಕೈಗಡಿಯಾರದಲ್ಲಿರುವುದೂ ಇದೇ ಹರಳು.

1970ರಿಂದ ಸೆಕೆಂಡು ಎಣಿಸುತ್ತಾರಲ್ಲ, ಅದರಲ್ಲಿ ನಮ್ಮ ಐದೂವರೆ ಗಂಟೆಯನ್ನು ಎಲ್ಲಿ ಸೇರಿಸಬೇಕು?

ಎಲ್ಲೂ ಸೇರಿಸಬೇಡಿ. ಎಣಿಕೆ ಯುಟಿಸಿಯಲ್ಲೇ (ಇಡೀ ಜಗತ್ತಿಗೆ ಸಾಮಾನ್ಯವಾದ ಕಾಲಮಾನದಲ್ಲೇ) ಇರಲಿ, ಪರದೆಗೆ ಬರೆಯುವ ಕೊನೆಯ ಗಳಿಗೆಯಲ್ಲಿ ಮಾತ್ರ ಭಾರತೀಯ ಕಾಲಮಾನಕ್ಕೆ ತಿರುಗಿಸಿ. ಒಳಗಿನ ಎಣಿಕೆಗೇ 19,800 ಸೆಕೆಂಡು ಕೂಡಿಸಿಟ್ಟ ಪ್ರೋಗ್ರಾಂಗಳನ್ನು ನೋಡಿದ್ದೇನೆ. ಆರು ತಿಂಗಳ ನಂತರ ಇನ್ನೊಬ್ಬ ಬಂದು ಮತ್ತೊಮ್ಮೆ ಕೂಡಿಸುತ್ತಾನೆ.

ಕಾಲಮಾನ ಎಂಬುದೇ ಒಂದು ಒಪ್ಪಂದ ಎಂಬುದಕ್ಕೆ ಮಂಗಳೂರಿಗಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಭಾರತೀಯ ಕಾಲಮಾನ ನಿಂತಿರುವುದು 82.5 ಡಿಗ್ರಿ ಪೂರ್ವ ರೇಖಾಂಶದ ಮೇಲೆ. ನಾವಿರುವುದು ಸುಮಾರು 74.85ರಲ್ಲಿ. ಒಂದು ಡಿಗ್ರಿಗೆ ನಾಲ್ಕು ನಿಮಿಷದಂತೆ ಲೆಕ್ಕ ಹಾಕಿದರೆ, ಗೋಡೆ ಗಡಿಯಾರ ಹನ್ನೆರಡು ಹೊಡೆದು ಸುಮಾರು ಅರ್ಧ ಗಂಟೆ ಕಳೆದ ಮೇಲೆಯೇ ಇಲ್ಲಿ ನಿಜವಾದ ನಡುಹಗಲು. ಪಂಚಾಂಗ ಮಾಡುವವರು ಈ ಅರ್ಧ ಗಂಟೆಯನ್ನು ಮರೆಯುವುದಿಲ್ಲ.

1970ರಿಂದಿನ ಈ ಎಣಿಕೆಯನ್ನು 32 ಬಿಟ್‌ನ ಚಿಹ್ನೆಸಹಿತ ಸಂಖ್ಯೆಯಲ್ಲಿಟ್ಟರೆ ಅದು ತುಂಬುವುದು 2038ರ ಜನವರಿ 19ರಂದು, ನಮ್ಮ ಕಾಲಮಾನದಲ್ಲಿ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ. ಅದರ ಮುಂದಿನ ಸೆಕೆಂಡಿನಲ್ಲಿ ಹಳೆಯ ಪೆಟ್ಟಿಗೆಗಳು 1901ಕ್ಕೆ ಹೋಗುತ್ತವೆ. ಕಾರ್ಖಾನೆಯ ಗೋಡೆಗೆ ಈಗ ತಿರುಪು ಹಾಕಿ ಕೂರಿಸುತ್ತಿರುವ ಪೆಟ್ಟಿಗೆ ಅಂದೂ ಅಲ್ಲೇ ಇರುತ್ತದೆ. ಆದ್ದರಿಂದ ಇದನ್ನು ದೂರದ ಮಾತೆಂದು ತಳ್ಳಬೇಡಿ.

ಆರಂಭದ ಸಮಯ, ಕೊನೆಯ ಸಮಯ ಎರಡನ್ನೂ ಓದಿ ಕಳೆದೆ. ಉತ್ತರ ಋಣದಲ್ಲಿ ಬಂತು! ಎಲ್ಲಿ ತಪ್ಪಿದೆ?

ಗೋಡೆ ಗಡಿಯಾರವನ್ನು ನೋಡಿ ಹೊತ್ತು ಅಳೆದಿದ್ದೀರಿ. ನಡುವೆ ಯಾರೋ ಮುಳ್ಳು ತಿರುಗಿಸಿದ್ದಾರೆ. ಆ “ಯಾರೋ” ಹೆಚ್ಚಾಗಿ ಎನ್‌ಟಿಪಿ, ಅಂದರೆ ಜಾಲದ ಮೂಲಕ ಸಮಯ ಸರಿಪಡಿಸುವ ಸೇವೆ.

ನಾನೂ ಇದೇ ಹಳ್ಳಕ್ಕೆ ಬಿದ್ದವನು. ಮಲ್ಪೆಯ ಹತ್ತಿರದ ಒಂದು ಮಂಜುಗಡ್ಡೆ ಕಾರ್ಖಾನೆಗೆ ತಾಪಮಾನ ದಾಖಲಿಸಿ ಕಂಪ್ರೆಸರ್ ನೋಡಿಕೊಳ್ಳುವ ಪೆಟ್ಟಿಗೆ ಮಾಡಿಕೊಟ್ಟಿದ್ದೆ. ಒಳಗಿದ್ದದ್ದು ಆರ್‌ಟಿಸಿ ಇಲ್ಲದ ಪೈ. ಜೂನ್ ತಿಂಗಳ ಗಾಳಿಮಳೆಗೆ ಕರೆಂಟು ಗಂಟೆಗಟ್ಟಲೆ ಹೋಗಿ ಬಂತು, ಆದರೆ ಇಂಟರ್‌ನೆಟ್ ಬರಲು ಮತ್ತೆ ನಾಲ್ಕೈದು ಗಂಟೆ ಹಿಡಿಯಿತು. ಅಷ್ಟೂ ಹೊತ್ತು ಪೈ ತಾನು ಕೊನೆಗೆ ಉಳಿಸಿಟ್ಟ ಸಮಯದಿಂದ ಎಣಿಸುತ್ತಿತ್ತು. ಇಂಟರ್‌ನೆಟ್ ಸಿಕ್ಕಿದ ಕ್ಷಣ ಗಡಿಯಾರ ಮುಂದಕ್ಕೆ ಹಾರಿತು. ಹತ್ತು ನಿಮಿಷದ ಹಿಂದೆ ಚಾಲೂ ಆಗಿದ್ದ ಕಂಪ್ರೆಸರ್ ಗಂಟೆಗಟ್ಟಲೆ ಎಡೆಬಿಡದೆ ಓಡಿದೆ ಎಂದು ನನ್ನ ಪ್ರೋಗ್ರಾಂ ತಿಳಿದು, ಸುರಕ್ಷತೆಯ ಹೆಸರಿನಲ್ಲಿ ಅದನ್ನು ನಿಲ್ಲಿಸಿತು. ಬೆಳಿಗ್ಗೆ ಐದಕ್ಕೆ ಫೋನು. ತಪ್ಪು ಎನ್‌ಟಿಪಿಯದ್ದಲ್ಲ, ಅದು ತನ್ನ ಕೆಲಸ ಮಾಡಿತ್ತು. “ಎಷ್ಟು ಹೊತ್ತಾಯಿತು” ಎಂದು ಕೇಳಬೇಕಾದಲ್ಲಿ ನಾನು “ಗಂಟೆ ಎಷ್ಟು” ಎಂದು ಕೇಳಿದ್ದೆ. ನಿಮ್ಮ ಋಣ ಸಂಖ್ಯೆಯೂ ಇದೇ ಕಾಯಿಲೆ, ದಿಕ್ಕು ಮಾತ್ರ ಹಿಂದುಮುಂದು.

ಲಿನಕ್ಸ್‌ನಲ್ಲಿ ಕ್ಲಾಕ್ ಗೆಟ್‌ಟೈಮ್ ಫಂಕ್ಷನ್ನಿಗೆ ರಿಯಲ್‌ಟೈಮ್ ಬದಲು ಮೊನೊಟೋನಿಕ್ ಎಂದು ಹೇಳಿ. ವಿಂಡೋಸ್‌ನಲ್ಲಿ ಕ್ವೆರಿ ಪರ್ಫಾರ್ಮೆನ್ಸ್ ಕೌಂಟರ್ ಬಳಸಿ. ಇವು ಹಿಂದಕ್ಕೆ ಹೋಗುವುದಿಲ್ಲ, ಜಿಗಿಯುವುದೂ ಇಲ್ಲ.

ಮೊನೊಟೋನಿಕ್, ಮೊನೊಟೋನಿಕ್ ರಾ, ಬೂಟ್‌ಟೈಮ್: ಯಾವುದನ್ನು ಹಿಡಿಯಲಿ?

ಸಾಮಾನ್ಯ ಕೆಲಸಕ್ಕೆ ಮೊನೊಟೋನಿಕ್. ಎನ್‌ಟಿಪಿ ಅದರ ವೇಗವನ್ನು ತುಸು ಹೆಚ್ಚುಕಡಿಮೆ ಮಾಡುತ್ತದೆ, ಅದು ಒಳ್ಳೆಯದೇ. ವೇಗವನ್ನೂ ಯಾರೂ ಮುಟ್ಟಬಾರದು ಎಂದರೆ ರಾ. ಯಂತ್ರ ನಿದ್ರಿಸಿದ ಹೊತ್ತೂ ಲೆಕ್ಕಕ್ಕೆ ಬರಬೇಕೆಂದರೆ ಬೂಟ್‌ಟೈಮ್, ಏಕೆಂದರೆ ಲಿನಕ್ಸ್‌ನ ಮೊನೊಟೋನಿಕ್ ನಿದ್ರೆಯನ್ನು ಎಣಿಸುವುದಿಲ್ಲ.

ಸಮಯವನ್ನು ಫ್ಲೋಟ್‌ನಲ್ಲಿ ಸೆಕೆಂಡಾಗಿ ಇಟ್ಟುಕೊಂಡರೆ ಲೆಕ್ಕ ಸುಲಭವಲ್ಲವೇ?

ಲೆಕ್ಕ ಸುಲಭ, ಉತ್ತರ ತಪ್ಪು. 1970ರಿಂದ ಈವರೆಗೆ ಆಗಿರುವ ಸುಮಾರು 170 ಕೋಟಿ ಸೆಕೆಂಡನ್ನು 32 ಬಿಟ್ ಫ್ಲೋಟ್‌ನಲ್ಲಿಟ್ಟರೆ (ದಶಮಾಂಶ ಹಿಡಿಯುವ ಸಂಖ್ಯೆಯ ರೂಪವದು), ಅದು ಹಿಡಿಯಬಲ್ಲ ಎರಡು ಅಕ್ಕಪಕ್ಕದ ಸಂಖ್ಯೆಗಳ ನಡುವೆ 128 ಸೆಕೆಂಡು ಅಂತರ. 64 ಬಿಟ್‌ನ ಡಬಲ್‌ನಲ್ಲಾದರೆ ಕಾಲು ಮೈಕ್ರೋಸೆಕೆಂಡು. 1991ರಲ್ಲಿ ಸೌದಿಯ ದಹ್ರಾನ್‌ನಲ್ಲಿ ಪೇಟ್ರಿಯಟ್ ಕ್ಷಿಪಣಿ ವ್ಯವಸ್ಥೆ ಸೆಕೆಂಡಿನ ಹತ್ತನೇ ಒಂದು ಭಾಗವನ್ನು 24 ಬಿಟ್‌ನಲ್ಲಿ ಕತ್ತರಿಸಿ ಇಟ್ಟುಕೊಂಡಿತ್ತು. ನೂರು ಗಂಟೆ ಓಡಿದ ಮೇಲೆ 0.34 ಸೆಕೆಂಡು ತಪ್ಪಿತು, ಬರುತ್ತಿದ್ದ ಕ್ಷಿಪಣಿ ಕಾಣದೇ ಹೋಯಿತು, 28 ಸೈನಿಕರು ಸತ್ತರು. ಟಿಕ್‌ಗಳನ್ನು ಪೂರ್ಣಾಂಕದಲ್ಲೇ ಇಡಿ. ಮೊದಲು ಕಳೆಯಿರಿ, ಆಮೇಲೆ ಬೇಕಾದರೆ ಭಾಗಿಸಿ.

## ಮೈಕ್ರೋಕಂಟ್ರೋಲರ್ ಹಿಡಿದವರಿಗೆ

ಆರ್ಡುಯಿನೊ 49 ದಿನಕ್ಕೆ ಕೆಟ್ಟು ನಿಲ್ಲುತ್ತದೆ ಎನ್ನುತ್ತಾರೆ, ನಿಜವೇ ಸರ್?

ಆರ್ಡುಯಿನೊ ಎಂಬ ಮೈಕ್ರೋಕಂಟ್ರೋಲರ್ ಬೋರ್ಡು ಕೆಡುವುದಿಲ್ಲ, ಬರೆದವರ ಹೋಲಿಕೆ ಕೆಡುತ್ತದೆ. ಮಿಲಿಸ್ ಎಂಬುದು ಚಾಲೂ ಆದಾಗಿನಿಂದ ಕಳೆದ ಮಿಲಿಸೆಕೆಂಡುಗಳ 32 ಬಿಟ್ ಎಣಿಕೆ. 49.7 ದಿನಕ್ಕೆ ತುಂಬಿ ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ. ಮೈಕ್ರೋಸೆಕೆಂಡು ಎಣಿಸುವ ಮೈಕ್ರೋಸ್ ಆದರೆ ಸುಮಾರು 71 ನಿಮಿಷ 35 ಸೆಕೆಂಡಿಗೇ ಸುತ್ತುತ್ತದೆ. ಅದು ಒಂದು ರೀತಿಯಲ್ಲಿ ಒಳ್ಳೆಯದು: ತಪ್ಪು ಮೇಜಿನ ಮೇಲೆಯೇ ಸಿಕ್ಕಿಬೀಳುತ್ತದೆ.

ಸುತ್ತುವ ಎಣಿಕೆ ನಮಗೆ ಹೊಸದಲ್ಲ. ಸಂವತ್ಸರಗಳು ಅರವತ್ತೇ. ಅಕ್ಷಯದ ನಂತರ ಮತ್ತೆ ಪ್ರಭವ. ರಕ್ತಾಕ್ಷಿಯಲ್ಲಿ ಹುಟ್ಟಿದ ಮಗುವಿಗೆ ಶುಕ್ಲದಲ್ಲಿ ಎಷ್ಟು ವರ್ಷ? ರಕ್ತಾಕ್ಷಿ 58ನೆಯದು, ಶುಕ್ಲ 3ನೆಯದು. 3ರಿಂದ 58 ಕಳೆದರೆ ಋಣ 55, ಅದಕ್ಕೆ 60 ಕೂಡಿಸಿದರೆ 5. 1984ರಿಂದ 1989ಕ್ಕೆ ಐದೇ ವರ್ಷ, ಸರಿಯಾಗಿದೆ. ಚಿಹ್ನೆರಹಿತ ಪೂರ್ಣಾಂಕದ ಕಳೆಯುವಿಕೆ ಮಾಡುವುದು ಇದನ್ನೇ, 60ರ ಬದಲು 2ರ 32ನೇ ಘಾತವನ್ನು ತಾನೇ ಕೂಡಿಸಿಕೊಳ್ಳುತ್ತದೆ. ಆದ್ದರಿಂದ “ಈಗಿನದರಿಂದ ಆಗಿನದನ್ನು ಕಳೆದದ್ದು ಅವಧಿಗಿಂತ ಹೆಚ್ಚೇ?” ಎಂದು ಕೇಳಿದರೆ ಎಣಿಕೆ ಸುತ್ತಿದರೂ ಉತ್ತರ ಸರಿ. “ಈಗಿನದು ಗಡುವಿಗಿಂತ ದೊಡ್ಡದೇ?” ಎಂದು ಕೇಳಿದರೆ ಒಂದು ದಿನ ಖಂಡಿತ ತಪ್ಪು. ಷರತ್ತು ಒಂದೇ, ಎರಡು ಓದುಗಳ ನಡುವೆ ಪೂರ್ತಿ ಒಂದು ಸುತ್ತು ಕಳೆದಿರಬಾರದು. ಷಷ್ಟ್ಯಬ್ದಿ ಮುಗಿಸಿದ ಅಜ್ಜನ ವಯಸ್ಸನ್ನು ಬರೀ ಸಂವತ್ಸರದ ಹೆಸರಿನಿಂದ ಹೇಳಲಾಗದು.

ವಿಂಡೋಸ್ 95 ಕೂಡ 49.7 ದಿನಕ್ಕೆ ಸ್ತಬ್ಧವಾಗುತ್ತಿತ್ತು. ಬೋಯಿಂಗ್ 787 ವಿಮಾನವನ್ನು 248 ದಿನ ಎಡೆಬಿಡದೆ ವಿದ್ಯುತ್ತಿನಲ್ಲಿಟ್ಟರೆ ಜನರೇಟರ್ ನಿಯಂತ್ರಕಗಳು ಕೈಕೊಡಬಹುದು ಎಂದು 2015ರಲ್ಲಿ ಅಮೆರಿಕದ ವಿಮಾನಯಾನ ಪ್ರಾಧಿಕಾರ ಎಚ್ಚರಿಸಿತು. 2ರ 31ನೇ ಘಾತವನ್ನು ಸೆಕೆಂಡಿನ ನೂರನೇ ಭಾಗಗಳೆಂದು ಲೆಕ್ಕ ಹಾಕಿ ನೋಡಿ, 248 ದಿನ ಬರುತ್ತದೆ.

64 ಬಿಟ್ ಎಣಿಕೆಯನ್ನು ಎರಡು ತುಂಡಾಗಿ ಓದುತ್ತೇನೆ. ವಾರಕ್ಕೊಮ್ಮೆ ಹುಚ್ಚು ಸಂಖ್ಯೆ ಬರುತ್ತದೆ, ಮತ್ತೆ ಪ್ರಯತ್ನಿಸಿದರೆ ಬರುವುದಿಲ್ಲ. ಹಾರ್ಡ್‌ವೇರ್ ಹಾಳಾಗಿದೆಯೇ?

ಇಲ್ಲ. ಎರಡು ತುಂಡುಗಳ ನಡುವೆ ಗಡಿಯಾರ ನಡೆದುಬಿಟ್ಟಿದೆ. 9 ಗಂಟೆ 59 ನಿಮಿಷ ಇದ್ದಾಗ ನೀವು ಗಂಟೆಯ ಮುಳ್ಳು ನೋಡಿ “9” ಎಂದು ಬರೆದುಕೊಂಡಿರಿ. ತಲೆ ಎತ್ತುವಷ್ಟರಲ್ಲಿ ಹತ್ತಾಯಿತು. ನಿಮಿಷದ ಮುಳ್ಳು ನೋಡಿ “00” ಎಂದು ಬರೆದಿರಿ. ಕಾಗದದ ಮೇಲೆ 9:00. ಒಂದು ಗಂಟೆ ಮಾಯ.

ಮದ್ದು ಹಳೆಯದು. ಮೇಲಿನ ತುಂಡು ಓದಿ, ಕೆಳಗಿನದು ಓದಿ, ಮೇಲಿನದನ್ನು ಮತ್ತೊಮ್ಮೆ ಓದಿ. ಮೇಲಿನದು ಬದಲಾಗಿದ್ದರೆ ಮೊದಲಿನಿಂದ ಓದಿ. 32 ಬಿಟ್ ರಿಸ್ಕ್-ಫೈವ್ ಪ್ರೊಸೆಸರುಗಳಲ್ಲಿ ಇದೇ ಅಧಿಕೃತ ಕ್ರಮ. ಕೆಲವು ಚಿಪ್‌ಗಳು ಈ ಕಷ್ಟವನ್ನು ತಾವೇ ವಹಿಸಿಕೊಳ್ಳುತ್ತವೆ. ಆರ್ಡುಯಿನೊ ಊನೋದ ಎವಿಆರ್ ಚಿಪ್‌ನಲ್ಲಿ 16 ಬಿಟ್ ಟೈಮರಿನ ಕೆಳ ಬೈಟ್ ಓದಿದ ಕ್ಷಣ ಮೇಲಿನ ಬೈಟ್ ಒಂದು ತಾತ್ಕಾಲಿಕ ರಿಜಿಸ್ಟರಿನಲ್ಲಿ ಸೆರೆಯಾಗುತ್ತದೆ, ಹಾಗಾಗಿ ಕೆಳಗಿನದನ್ನೇ ಮೊದಲು ಓದಬೇಕು. ಆ ತಾತ್ಕಾಲಿಕ ರಿಜಿಸ್ಟರನ್ನು ಇತರ ಟೈಮರ್ ರಿಜಿಸ್ಟರುಗಳೂ ಹಂಚಿಕೊಳ್ಳುತ್ತವೆ, ಆದ್ದರಿಂದ ನಡುವೆ ಇಂಟರಪ್ಟ್ (ನಡೆಯುತ್ತಿರುವ ಕೆಲಸವನ್ನು ತಡೆದು ಬರುವ ಕರೆ) ನುಗ್ಗದಂತೆ ತಡೆಯಿರಿ. ಡಿಎಸ್ 3231 ಎಂಬ ಆರ್‌ಟಿಸಿ ಚಿಪ್ ಓದು ಶುರುವಾದಾಗಲೇ ಇಡೀ ಸಮಯದ ನಕಲು ತೆಗೆದಿಡುತ್ತದೆ. ಎಲ್ಲ ರಿಜಿಸ್ಟರುಗಳನ್ನೂ ಒಂದೇ ಉಸಿರಿನಲ್ಲಿ ಓದಿದರೆ ಮಾತ್ರ ಇದರ ಫಲ ಸಿಗುತ್ತದೆ. ಒಂದೊಂದನ್ನೂ ಬೇರೆ ಬೇರೆ ಓದಿದರೆ 9:00ರ ಕಥೆ ಮರುಕಳಿಸುತ್ತದೆ. ಪಿಸಿಯ ಹಳೆಯ ಆರ್‌ಟಿಸಿಯಲ್ಲಿ “ಈಗ ಬದಲಾಯಿಸುತ್ತಿದ್ದೇನೆ, ತಾಳಿ” ಎನ್ನುವ ಒಂದು ಬಿಟ್ ಇದೆ, ಅದು ಸೊನ್ನೆಯಾಗುವವರೆಗೆ ಕಾಯಬೇಕು.

ಶಾಸನ ಓದುವವರು ಈ ತೊಡಕನ್ನು ಬೇರೆ ರೂಪದಲ್ಲಿ ಬಲ್ಲರು. ಶಕವರ್ಷದ ಸಂಖ್ಯೆ ಮೇಲಿನ ತುಂಡು, ಸಂವತ್ಸರದ ಹೆಸರು ಕೆಳಗಿನದು. ಎರಡೂ ಒಂದಕ್ಕೊಂದು ಹೊಂದದ ಶಾಸನಗಳು ಬೇಕಾದಷ್ಟಿವೆ. ಆದರೆ ಕಲ್ಲನ್ನು ಮತ್ತೊಮ್ಮೆ ಓದಿದರೂ ಅದು ಬದಲಾಗುವುದಿಲ್ಲ.

ಕಾರ್ಟೆಕ್ಸ್-ಎಂ ಚಿಪ್‌ನ ಸೈಕಲ್ ಕೌಂಟರ್ ಯಾವಾಗಲೂ ಸೊನ್ನೆ ತೋರಿಸುತ್ತದೆ.

ಎರಡು ಬೀಗಗಳಿವೆ. ಡಿಬಗ್ ನಿಯಂತ್ರಣ ರಿಜಿಸ್ಟರಿನಲ್ಲಿ ಟ್ರೇಸ್ ಸಕ್ರಿಯಗೊಳಿಸುವ ಬಿಟ್, ಅಂದರೆ 24ನೆಯದು, ಮೊದಲು ಹಾಕಿ. ಆಮೇಲೆ ಡಿಡಬ್ಲ್ಯುಟಿ ಎಂಬ ಅಳತೆ ಘಟಕದ ನಿಯಂತ್ರಣ ರಿಜಿಸ್ಟರಿನ 0ನೇ ಬಿಟ್. ಡಿಬಗರ್ (ತಪ್ಪು ಹುಡುಕುವ ಸಾಧನ) ಜೋಡಿಸಿದಾಗ ಓಡಿ, ಬಿಚ್ಚಿದಾಗ ನಿಲ್ಲುತ್ತಿದ್ದರೆ ಮೊದಲ ಬೀಗವನ್ನು ಡಿಬಗರೇ ನಿಮಗಾಗಿ ತೆರೆಯುತ್ತಿತ್ತು ಎಂದರ್ಥ. ನಿಮ್ಮದು ಎಂ-ಸೊನ್ನೆ ಕುಲದ ಚಿಪ್ ಆದರೆ ಆ ಕೌಂಟರೇ ಇಲ್ಲ, 24 ಬಿಟ್‌ನ ಸಿಸ್‌ಟಿಕ್ ಟೈಮರಿನಲ್ಲಿ ತೃಪ್ತಿಪಡಿ. ಸಿಸ್‌ಟಿಕ್ ಕೆಳಮುಖವಾಗಿ ಎಣಿಸುತ್ತದೆ, ಕಳೆಯುವಾಗ ಹಿಂದುಮುಂದು ಮಾಡಿಕೊಳ್ಳಿ.

ಹೊಸ ಆರ್‌ಟಿಸಿ ಹಾಕಿದ್ದೇನೆ, ಆದರೂ ದಿನಕ್ಕೆ ಎರಡು ಸೆಕೆಂಡು ಹಿಂದೆ ಬೀಳುತ್ತದೆ.

ಸಾಮಾನ್ಯ ಹರಳಿಗೆ ದಶಲಕ್ಷಕ್ಕೆ 20 ಭಾಗ ತಪ್ಪುವ ಹಕ್ಕಿದೆ. ದಿನಕ್ಕೆ 86,400 ಸೆಕೆಂಡು, ಹಾಗಾಗಿ 1.7 ಸೆಕೆಂಡು ಅಲ್ಲೇ ಬಂತು. ಇದರ ಮೇಲೆ ಬಿಸಿಲು. ಗಡಿಯಾರದ ಹರಳು 25 ಡಿಗ್ರಿಯ ಸುಮಾರಿಗೆ ಅತಿ ವೇಗವಾಗಿರುತ್ತದೆ. ಅಲ್ಲಿಂದ ಬಿಸಿಯಾದರೂ ತಣ್ಣಗಾದರೂ ನಿಧಾನವಾಗುತ್ತದೆ, ಅದೂ ಅಂತರದ ವರ್ಗದ ಪ್ರಮಾಣದಲ್ಲಿ, ಪ್ರತಿ ಡಿಗ್ರಿ ವರ್ಗಕ್ಕೆ ದಶಲಕ್ಷದಲ್ಲಿ ಸುಮಾರು 0.034 ಭಾಗ. ಏಪ್ರಿಲ್ ತಿಂಗಳಿನಲ್ಲಿ ತಗಡಿನ ಮಾಡಿನ ಕೆಳಗೆ ಮುಚ್ಚಿಟ್ಟ ಪೆಟ್ಟಿಗೆಯ ಒಳಗೆ 55 ಡಿಗ್ರಿ ಇದ್ದರೆ, 30ರ ವರ್ಗ 900, ಗುಣಿಸಿದರೆ 30 ಭಾಗ: ದಿನಕ್ಕೆ ಎರಡೂವರೆ ಸೆಕೆಂಡಿಗೂ ಹೆಚ್ಚು. ಡಿಎಸ್ 3231 ತನ್ನ ತಾಪಮಾನವನ್ನು ತಾನೇ ಅಳೆದು ತಿದ್ದಿಕೊಳ್ಳುತ್ತದೆ. 0ಯಿಂದ 40 ಡಿಗ್ರಿಯೊಳಗೆ ದಶಲಕ್ಷಕ್ಕೆ 2 ಭಾಗ, ಅಂದರೆ ವರ್ಷಕ್ಕೆ ಹೆಚ್ಚೆಂದರೆ ಒಂದು ನಿಮಿಷದ ಆಸುಪಾಸು. ನಮ್ಮ ಕರಾವಳಿಯಲ್ಲಿ ಬೋರ್ಡಿನ ಮೇಲೆ ಕೂರುವ ಉಪ್ಪು ತೇವವೂ ಹರಳಿನ ಕಾಲುಗಳ ನಡುವೆ ಸೋರಿಕೆ ತರುತ್ತದೆ. ಮಳೆಗಾಲದಲ್ಲಿ ಮಾತ್ರ ನಿಲ್ಲುವ ಗಡಿಯಾರ ಸಿಕ್ಕರೆ ಮೊದಲು ಬೋರ್ಡು ತೊಳೆದು ಒಣಗಿಸಿ, ಲೇಪನ ಹಚ್ಚಿ. ಪ್ರೋಗ್ರಾಂ ಆಮೇಲೆ ನೋಡೋಣ.

## ಪ್ರೊಸೆಸರಿನ ಒಳಗೆ

ಆರ್‌ಡಿಟಿಎಸ್‌ಸಿ ಕೊಡುವುದು ಸಮಯವೋ, ಸೈಕಲ್‌ಗಳೋ?

ಆರ್‌ಡಿಟಿಎಸ್‌ಸಿ ಎಂದರೆ ಟಿಎಸ್‌ಸಿ, ಅಂದರೆ ಟೈಮ್ ಸ್ಟ್ಯಾಂಪ್ ಕೌಂಟರ್, ಓದುವ ಆದೇಶ. ಹೆಸರು ಸಮಯ ಎನ್ನುತ್ತದೆ, ಹುಟ್ಟು ಸೈಕಲ್ (ಪ್ರೊಸೆಸರಿನ ಒಂದು ಬಡಿತ) ಎನ್ನುತ್ತದೆ. ಇಂದಿನ ನಡತೆ ಸಮಯ ಎನ್ನುತ್ತದೆ. 1993ರ ಪೆಂಟಿಯಂನಲ್ಲಿ ಇದು ಬಂದಾಗ ಪ್ರೊಸೆಸರ್ ಓಡುತ್ತಿದ್ದುದು ಒಂದೇ ವೇಗದಲ್ಲಿ, ಹಾಗಾಗಿ ಎರಡಕ್ಕೂ ವ್ಯತ್ಯಾಸವಿರಲಿಲ್ಲ. ಆಮೇಲೆ ಬ್ಯಾಟರಿ ಉಳಿಸಲು ವೇಗ ಇಳಿಸುವ, ಅವಸರಕ್ಕೆ ಏರಿಸುವ ಪ್ರೊಸೆಸರುಗಳು ಬಂದವು, ಎರಡು ಕೋರ್‌ಗಳು ಬಂದವು. 2005ರ ಸುಮಾರಿನ ಕೆಲವು ಯಂತ್ರಗಳಲ್ಲಿ ಒಂದು ಕೋರಿನ ಎಣಿಕೆ ಇನ್ನೊಂದಕ್ಕೆ ಹೊಂದುತ್ತಿರಲಿಲ್ಲ. ನಮ್ಮ ಸ್ಟೇಟ್ ಬ್ಯಾಂಕ್ ನಿಲ್ದಾಣದಲ್ಲಿ ಎರಡು ಬಸ್ಸುಗಳ ನಿರ್ವಾಹಕರು ತಮ್ಮ ತಮ್ಮ ಕೈಗಡಿಯಾರ ತೋರಿಸಿ ಒಂದು ನಿಮಿಷಕ್ಕೆ ಜಗಳವಾಡುವ ಹಾಗೆ. ಹೊರಟದ್ದನ್ನು ಒಬ್ಬನ ಗಡಿಯಾರದಲ್ಲಿ, ತಲುಪಿದ್ದನ್ನು ಇನ್ನೊಬ್ಬನ ಗಡಿಯಾರದಲ್ಲಿ ನೋಡಿದರೆ ಬಸ್ಸು ಹೊರಡುವ ಮೊದಲೇ ತಲುಪಿರಬಹುದು.

ಇಂಟೆಲ್‌ನಲ್ಲಿ 2008ರ ನೆಹಾಲೆಮ್ ಪೀಳಿಗೆಯಿಂದ ಎಣಿಕೆ ಒಂದೇ ಸ್ಥಿರ ವೇಗದಲ್ಲಿ, ನಿದ್ರೆಯ ಸ್ಥಿತಿಗಳಲ್ಲೂ ನಡೆಯುತ್ತದೆ. ಲಿನಕ್ಸ್‌ನಲ್ಲಿ ಪ್ರೊಸೆಸರಿನ ಮಾಹಿತಿ ಕಡತದಲ್ಲಿ ಕಾನ್‌ಸ್ಟಂಟ್ ಟಿಎಸ್‌ಸಿ, ನಾನ್‌ಸ್ಟಾಪ್ ಟಿಎಸ್‌ಸಿ ಎಂಬ ಎರಡೂ ಗುರುತುಗಳಿವೆಯೇ ನೋಡಿ.

ಇದರ ಇನ್ನೊಂದು ಮುಖ: ಟಿಎಸ್‌ಸಿ 2.4 ಗಿಗಾಹರ್ಟ್ಸ್‌ನಲ್ಲಿ ನಡೆಯುತ್ತಿದೆ, ಕೋರ್ 4 ಗಿಗಾಹರ್ಟ್ಸ್‌ಗೆ ಏರಿದೆ ಎನ್ನಿ. ಕೋರ್ 1,000 ಸೈಕಲ್ ದುಡಿದರೆ ಟಿಎಸ್‌ಸಿ 600 ಮಾತ್ರ ತೋರಿಸುತ್ತದೆ. ಕೋರ್ 800 ಮೆಗಾಹರ್ಟ್ಸ್‌ಗೆ ಇಳಿದಿದ್ದರೆ ಅದೇ ಕೆಲಸಕ್ಕೆ 3,000. “ನನ್ನ ಕೋಡ್ 600 ಸೈಕಲ್ ತೆಗೆದುಕೊಳ್ಳುತ್ತದೆ” ಎಂದು ಟಿಎಸ್‌ಸಿ ನೋಡಿ ಬರೆದ ವರದಿ ಹಾಗಾಗಿ ಅರ್ಥಹೀನ. “ಎಷ್ಟು ಹೆಜ್ಜೆ” ಎಂದು ತಿಳಿಯಬೇಕಾದರೆ ಪರ್ಫಾರ್ಮೆನ್ಸ್ ಕೌಂಟರುಗಳಿವೆ. ಪರ್ಫ್ ಎಂಬ ಸಾಧನದ ಮೂಲಕ ಅವನ್ನು ಓದಿ.

ಆರಂಭಕ್ಕೊಂದು, ಕೊನೆಗೊಂದು ಆರ್‌ಡಿಟಿಎಸ್‌ಸಿ ಹಾಕಿದ್ದೇನೆ. ನಡುವಿನ ಕೋಡ್ ಎಷ್ಟೇ ದೊಡ್ಡದಾದರೂ ಉತ್ತರ ಒಂದೇ ಬರುತ್ತದಲ್ಲ!

ಇಬ್ಬರು ಕಳ್ಳರಿದ್ದಾರೆ. ಮೊದಲನೆಯದು ಕಂಪೈಲರ್, ಅಂದರೆ ನಿಮ್ಮ ಕೋಡನ್ನು ಯಂತ್ರದ ಆದೇಶಗಳಾಗಿ ತಿರುಗಿಸುವ ಪ್ರೋಗ್ರಾಂ. ಫಲಿತಾಂಶವನ್ನು ನೀವು ಎಲ್ಲೂ ಬಳಸದಿದ್ದರೆ ನಡುವಿನ ಕೋಡನ್ನೇ ಅಳಿಸಿರುತ್ತದೆ, ಇಲ್ಲವೇ ಆಚೀಚೆ ಸರಿಸಿರುತ್ತದೆ. ಅಸೆಂಬ್ಲಿ ತುಣುಕಿಗೆ ವೊಲಟೈಲ್ ಎಂದೂ, ಮೆಮೊರಿ ಮುಟ್ಟುತ್ತದೆ ಎಂದೂ ಬರೆಯಿರಿ. ಹೊರಬಂದ ಅಸೆಂಬ್ಲಿಯನ್ನು ಒಮ್ಮೆ ಕಣ್ಣಾರೆ ನೋಡಿ.

ಎರಡನೆಯದು ಪ್ರೊಸೆಸರ್. ಅದು ಆದೇಶಗಳನ್ನು ನೀವು ಬರೆದ ಸಾಲಿನಲ್ಲೇ ಮಾಡುವುದಿಲ್ಲ. ಮೆಮೊರಿಗಾಗಿ ಕಾಯುತ್ತಿರುವ ಕೆಲಸವನ್ನು ಬದಿಗಿಟ್ಟು ಮುಂದಿನ ಗಡಿಯಾರ ಓದನ್ನು ಮೊದಲೇ ಮುಗಿಸಿಬಿಡುತ್ತದೆ. ಮೊದಲ ಓದಿಗೆ ಮೊದಲೂ ನಂತರವೂ ಎಲ್‌ಫೆನ್ಸ್ ಎಂಬ ಬೇಲಿ ಆದೇಶ ಹಾಕಿ. ಕೊನೆಯಲ್ಲಿ ಆರ್‌ಡಿಟಿಎಸ್‌ಸಿಪಿ ಹಾಕಿ, ಅದಾದ ಮೇಲೆ ಇನ್ನೊಂದು ಎಲ್‌ಫೆನ್ಸ್. ಪಿ ಇರುವ ಆದೇಶ ತನಗಿಂತ ಮೊದಲಿನವು ಮುಗಿಯುವವರೆಗೆ ಕಾಯುತ್ತದೆ, ಆದರೆ ನಂತರದವು ಮೊದಲೇ ನುಗ್ಗುವುದನ್ನು ತಡೆಯುವುದಿಲ್ಲ. ಅದಕ್ಕೇ ಕೊನೆಯ ಬೇಲಿ. ಯಾವ ಕೋರಿನಲ್ಲಿ ಓದಿದ್ದು ಎಂಬ ಗುರುತನ್ನೂ ಅದು ಇಸಿಎಕ್ಸ್ ರಿಜಿಸ್ಟರಿನಲ್ಲಿ ಕೊಡುತ್ತದೆ. ಎರಡು ಓದಿನ ಗುರುತು ಬೇರೆಯಾದರೆ ಆ ಅಳತೆಯನ್ನು ಎಸೆಯಿರಿ.

ಇನ್ನೊಂದು ಮಾತು. ಉತ್ತರ ಇಡಿಎಕ್ಸ್, ಇಎಎಕ್ಸ್ ಎಂಬ ಎರಡು ರಿಜಿಸ್ಟರುಗಳಲ್ಲಿ ಅರ್ಧರ್ಧ ಬರುತ್ತದೆ. 32 ಬಿಟ್ ಕಾಲದ ಹಳೆಯ ಮಾದರಿ ಕೋಡನ್ನು 64 ಬಿಟ್‌ಗೆ ನಕಲಿಸಿದರೆ ಅರ್ಧ ಮಾತ್ರ ಕೈಗೆ ಬರುತ್ತದೆ. 3 ಗಿಗಾಹರ್ಟ್ಸ್‌ನಲ್ಲಿ ಕೆಳಗಿನ ಅರ್ಧ 1.4 ಸೆಕೆಂಡಿಗೊಮ್ಮೆ ಸುತ್ತುತ್ತದೆ, ಸಣ್ಣ ಪರೀಕ್ಷೆಗಳಲ್ಲಿ ತಪ್ಪು ಕಾಣುವುದೇ ಇಲ್ಲ. ಎರಡನ್ನೂ ಬೇರೆ ಬೇರೆ ಪಡೆದು ನೀವೇ ಜೋಡಿಸಿ. ಪೂರ್ತಿ 64 ಬಿಟ್ ಸುತ್ತಲು ಸುಮಾರು 195 ವರ್ಷ ಬೇಕು, ಅದರ ಚಿಂತೆ ಮೊಮ್ಮಕ್ಕಳಿಗಿರಲಿ.

ಟಿಎಸ್‌ಸಿ ಟಿಕ್‌ಗಳನ್ನು ನ್ಯಾನೋಸೆಕೆಂಡಿಗೆ ತಿರುಗಿಸಲು ಆವರ್ತನ ಎಲ್ಲಿಂದ ತರಲಿ?

ಪೆಟ್ಟಿಗೆಯ ಮೇಲೆ ಅಚ್ಚಾದ ಗಿಗಾಹರ್ಟ್ಸ್ ಸಂಖ್ಯೆಯನ್ನು ಬಳಸಬೇಡಿ, ಅದು ದುಂಡಗೆ ಮಾಡಿದ್ದು. ಈಚಿನ ಇಂಟೆಲ್‌ಗಳಲ್ಲಿ ಪ್ರೊಸೆಸರ್ ತನ್ನ ವಿವರ ಹೇಳುವ ಸಿಪಿಯುಐಡಿ ಆದೇಶದ 21ನೇ ಎಲೆ ಹರಳಿನ ಆವರ್ತನವನ್ನೂ ಅನುಪಾತವನ್ನೂ ಹೇಳುತ್ತದೆ. ಹರಳು 24 ಮೆಗಾಹರ್ಟ್ಸ್, ಅನುಪಾತ 250ಕ್ಕೆ 2 ಎಂದರೆ 3,000 ಮೆಗಾಹರ್ಟ್ಸ್. ಕೆಲವು ಪ್ರೊಸೆಸರುಗಳು ಹರಳಿನ ಜಾಗದಲ್ಲಿ ಸೊನ್ನೆ ಕೊಟ್ಟು ಸುಮ್ಮನಾಗುತ್ತವೆ. ಆಗ ಕರ್ನಲ್ (ಕಾರ್ಯವ್ಯವಸ್ಥೆಯ ತಿರುಳು) ಬೂಟ್ ಆಗುವಾಗ ಮಾಡುವ ಉಪಾಯವನ್ನೇ ನೀವೂ ಮಾಡಿ: ಗೊತ್ತಿರುವ ಗಡಿಯಾರವೊಂದನ್ನು ಪಕ್ಕದಲ್ಲಿಟ್ಟು ಎರಡನ್ನೂ ಓದಿ, ತುಸು ಕಾದು, ಮತ್ತೆ ಎರಡನ್ನೂ ಓದಿ, ಭಾಗಿಸಿ. ಎಷ್ಟು ಹೆಚ್ಚು ಕಾಯುತ್ತೀರೋ ಅಷ್ಟು ನಿಖರ.

ಆರ್ಮ್‌ನಲ್ಲಿ ಇದಕ್ಕೆ ಸಮನಾದದ್ದು ಯಾವುದು?

64 ಬಿಟ್ ಆರ್ಮ್ ಪ್ರೊಸೆಸರುಗಳಲ್ಲಿ ಸಿಎನ್‌ಟಿವಿಸಿಟಿ ಎಂಬ ರಿಜಿಸ್ಟರ್ ಎಣಿಕೆ ಕೊಡುತ್ತದೆ, ಸಿಎನ್‌ಟಿಎಫ್‌ಆರ್‌ಕ್ಯೂ ಅದರ ಆವರ್ತನ ಹೇಳುತ್ತದೆ. ಎಷ್ಟು ಸುಲಭ! ಓದುವ ಮೊದಲು ಐಎಸ್‌ಬಿ ತಡೆ ಹಾಕಿ. ಆದರೆ ಅಳತೆ ಒರಟು: ಪೈ 3ರಲ್ಲಿ 19.2 ಮೆಗಾಹರ್ಟ್ಸ್, ಎಂದರೆ ಒಂದು ಟಿಕ್‌ಗೆ 52 ನ್ಯಾನೋಸೆಕೆಂಡು. ಪೈ 4ರಲ್ಲಿ 54, ಆಪಲ್ ಎಂ1ರಲ್ಲಿ 24. ಆರ್ಮ್‌ನ 8.6ನೇ ಆವೃತ್ತಿಯಿಂದ 1 ಗಿಗಾಹರ್ಟ್ಸ್ ಎಂದು ನಿಗದಿಯಾಗಿದೆ. ನಿಜವಾದ ಸೈಕಲ್ ಎಣಿಕೆಯ ರಿಜಿಸ್ಟರ್ ಬೇರೆಯೇ ಇದೆ, ಕರ್ನಲ್ ಅನುಮತಿ ಕೊಡದೆ ಸಾಮಾನ್ಯ ಪ್ರೋಗ್ರಾಂ ಅದನ್ನು ಮುಟ್ಟುವಂತಿಲ್ಲ.

ಕ್ಲಾಕ್ ಗೆಟ್‌ಟೈಮ್ ಎಂಬುದು ಸಿಸ್ಟಮ್ ಕಾಲ್, ಅಂದರೆ ಕರ್ನಲ್ಲಿಗೆ ಕೊಡುವ ಕರೆ, ಅಲ್ಲವೇ? ಅಂಥ ಕರೆಗಳನ್ನು ತೋರಿಸುವ ಎಸ್‌ಟ್ರೇಸ್‌ನಲ್ಲಿ ಕಾಣುವುದೇ ಇಲ್ಲ!

ಕರ್ನಲ್ ತನ್ನ ಲೆಕ್ಕದ ಪುಟವೊಂದನ್ನು ಪ್ರತಿ ಪ್ರೋಗ್ರಾಂಗೂ ಓದಲು ತೆರೆದಿಟ್ಟಿರುತ್ತದೆ. ಇದಕ್ಕೆ ವಿಡಿಎಸ್‌ಒ ಎನ್ನುತ್ತಾರೆ. ಅಲ್ಲಿರುವ ಸಣ್ಣ ಫಂಕ್ಷನ್ ಟಿಎಸ್‌ಸಿ ಓದಿ, ಪುಟದಲ್ಲಿರುವ ಗುಣಕದಿಂದ ಗುಣಿಸಿ, ಬಲಕ್ಕೆ ಸರಿಸಿ, ಕೊನೆಯ ಬಾರಿ ಬರೆದಿಟ್ಟ ಸಮಯಕ್ಕೆ ಕೂಡಿಸುತ್ತದೆ. ಕರ್ನಲ್ ಬಾಗಿಲು ತಟ್ಟುವುದೇ ಬೇಡ, ಹತ್ತಾರು ನ್ಯಾನೋಸೆಕೆಂಡಿನಲ್ಲಿ ಕೆಲಸ ಮುಗಿಯಿತು. ಕರ್ನಲ್ ಆ ಪುಟವನ್ನು ತಿದ್ದುತ್ತಿರುವಾಗಲೇ ನೀವು ಓದಿದರೆ? ಅದಕ್ಕೊಂದು ಸರಣಿ ಸಂಖ್ಯೆ ಇದೆ. ಬೆಸವಾಗಿದ್ದರೆ ತಿದ್ದುಪಡಿ ನಡೆಯುತ್ತಿದೆ. ಓದಿನ ಮೊದಲೂ ನಂತರವೂ ಅದೇ ಸರಿಸಂಖ್ಯೆ ಇದ್ದರೆ ಮಾತ್ರ ಉತ್ತರ ಒಪ್ಪಿಗೆ. ಮೇಲಿನ 9:00ರ ಮದ್ದೇ ಇಲ್ಲೂ.

ಒಂದು ಯಂತ್ರದಲ್ಲಿ ಮಾತ್ರ ಸಮಯ ಓದುವುದು ತೀರಾ ನಿಧಾನವಾಗಿದ್ದರೆ, ಸಿಸ್ ಕಡತವ್ಯವಸ್ಥೆಯಲ್ಲಿ ಕ್ಲಾಕ್‌ಸೋರ್ಸ್ ಯಾವುದೆಂದು ನೋಡಿ. ಟಿಎಸ್‌ಸಿಯ ಮೇಲೆ ನಂಬಿಕೆ ಹೋದರೆ ಕರ್ನಲ್ ಎಚ್‌ಪಿಇಟಿಗೆ ಬದಲಾಯಿಸಿಕೊಂಡಿರುತ್ತದೆ. ಅದು ಪ್ರೊಸೆಸರಿನ ಹೊರಗಿದೆ, ಹೋಗಿ ಬರುವುದಕ್ಕೇ ಹೊತ್ತು ಬೇಕು. ವರ್ಚುವಲ್ ಯಂತ್ರವಾದರೆ ಕೆವಿಎಂ ಕ್ಲಾಕ್ ಕಾಣಬಹುದು, ಗಾಬರಿ ಬೇಡ.

ಅಧಿಕ ಸೆಕೆಂಡು ಬಂದಾಗ ಎಣಿಕೆ ಏನಾಗುತ್ತದೆ?

ಭೂಮಿಯ ತಿರುಗುವಿಕೆಗೆ ಹೊಂದಿಸಲು ಯುಟಿಸಿಗೆ ಸೇರಿಸುವ ಸೆಕೆಂಡು ಇದು. ಕೊನೆಯದು ಬಂದದ್ದು 2016ರ ಡಿಸೆಂಬರ್ 31ರ ಕೊನೆಗೆ, ನಮ್ಮ ಪಾಲಿಗೆ 2017ರ ಜನವರಿ 1ರ ಬೆಳಿಗ್ಗೆ 5 ಗಂಟೆ 29 ನಿಮಿಷ 60 ಸೆಕೆಂಡು. 1970ರಿಂದ ಎಣಿಸುವ ಪದ್ಧತಿಯಲ್ಲಿ ಆ ಸೆಕೆಂಡಿಗೆ ಜಾಗವೇ ಇಲ್ಲ, ಒಂದೇ ಸಂಖ್ಯೆ ಎರಡು ಸಲ ಬರುತ್ತದೆ. 2012ರ ಜೂನ್ 30ರಂದು ಇದೇ ಕಾರಣಕ್ಕೆ ಅನೇಕ ಲಿನಕ್ಸ್ ಸರ್ವರುಗಳು ತಲೆಕೆಟ್ಟು ಪೂರ್ಣ ವೇಗದಲ್ಲಿ ಸುಮ್ಮನೆ ತಿರುಗಿದವು. 2035ರೊಳಗೆ ಈ ಪದ್ಧತಿ ಕೈಬಿಡಲು 2022ರಲ್ಲಿ ಅಂತರರಾಷ್ಟ್ರೀಯ ತೂಕ ಮತ್ತು ಅಳತೆಗಳ ಮಹಾಸಭೆ ತೀರ್ಮಾನಿಸಿದೆ. ಅಧಿಕ ಮಾಸಕ್ಕೆ ಹೊಂದಿಕೊಂಡ ನಮಗೆ ಅಧಿಕ ಸೆಕೆಂಡು ದೊಡ್ಡದಲ್ಲ, ಯಂತ್ರಗಳಿಗೆ ದೊಡ್ಡದು.

ನ್ಯಾನೋಸೆಕೆಂಡು ಓದುವುದರಲ್ಲಿ ಅಪಾಯವೇನು? ಬ್ರೌಸರುಗಳು ಗಡಿಯಾರವನ್ನು ಏಕೆ ಮೊಂಡು ಮಾಡಿದವು?

ಕ್ಯಾಶ್ ಎಂಬ, ಪ್ರೊಸೆಸರಿನ ಪಕ್ಕದ ಚಿಕ್ಕ ಮೆಮೊರಿಯಲ್ಲಿರುವ ಮಾಹಿತಿ ಕೆಲವೇ ಸೈಕಲ್‌ಗಳಲ್ಲಿ ಸಿಗುತ್ತದೆ, ಮುಖ್ಯ ಮೆಮೊರಿಯಿಂದ ತರಲು ಇನ್ನೂರಕ್ಕೂ ಹೆಚ್ಚು ಬೇಕಾಗಬಹುದು. ಅಷ್ಟು ವ್ಯತ್ಯಾಸ ಅಳೆಯಬಲ್ಲ ಗಡಿಯಾರವಿದ್ದರೆ, ಇನ್ನೊಬ್ಬರು ಈಗಷ್ಟೇ ಯಾವುದನ್ನು ಮುಟ್ಟಿದರು ಎಂದು ಊಹಿಸಬಹುದು. ಬಾಗಿಲು ತೆರೆಯದೆಯೇ, ಒಳಗೆ ಒಲೆ ಬಿಸಿಯಿದೆಯೇ ಎಂದು ಗೋಡೆ ಮುಟ್ಟಿ ತಿಳಿದ ಹಾಗೆ. 2018ರ ಜನವರಿಯಲ್ಲಿ ಪ್ರೊಸೆಸರುಗಳ ಸ್ಪೆಕ್ಟರ್ ಎಂಬ ದೋಷ ಬಯಲಾದ ಕೂಡಲೇ ಬ್ರೌಸರುಗಳು ತಮ್ಮ ಸಮಯದ ನಿಖರತೆಯನ್ನು ಬೇಕೆಂದೇ ಇಳಿಸಿದವು. ಇಂಟೆಲ್ ಕುಲದ ಎಕ್ಸ್86 ಪ್ರೊಸೆಸರುಗಳಲ್ಲಿ ಸಾಮಾನ್ಯ ಪ್ರೋಗ್ರಾಂಗೆ ಆರ್‌ಡಿಟಿಎಸ್‌ಸಿ ಸಿಗದಂತೆ ಮಾಡುವ ಬಿಟ್ ಕೂಡ ನಿಯಂತ್ರಣ ರಿಜಿಸ್ಟರ್ 4ರಲ್ಲಿ ಪೆಂಟಿಯಂ ಕಾಲದಿಂದಲೇ ಇದೆ.

ಒಂದೇ ಒಂದು ಕೂಡುವ ಆದೇಶಕ್ಕೆ ಎಷ್ಟು ಹೊತ್ತು ಎಂದು ಅಳೆಯಬೇಕು. ಪ್ರತಿ ಸಲ ಬೇರೆ ಉತ್ತರ. ಸರಾಸರಿ ತೆಗೆಯಲೇ?

ಕೂಡುವ ಆದೇಶಕ್ಕೆ ಒಂದು ಸೈಕಲ್. ಗಡಿಯಾರ ಓದುವುದಕ್ಕೇ ಇಪ್ಪತ್ತಕ್ಕಿಂತ ಹೆಚ್ಚು. ಮೀನಿನ ಲಾರಿ ತೂಗುವ ತಕ್ಕಡಿಯಲ್ಲಿ ಒಂದು ಬೂತಾಯಿ ತೂಗಿದ ಹಾಗಾಯಿತು. ಒಂದರ ಫಲ ಮುಂದಿನದಕ್ಕೆ ಬೇಕಾಗುವಂತೆ ಸಾವಿರ ಆದೇಶಗಳನ್ನು ಸರಪಳಿಯಾಗಿ ಬರೆದು ಅಳೆಯಿರಿ. ನಡುವೆ ಏನೂ ಇಲ್ಲದೆ ಎರಡು ಓದುಗಳ ಅಂತರವನ್ನು ಅದರಿಂದ ಕಳೆದು, ಉಳಿದದ್ದನ್ನು ಸಾವಿರದಿಂದ ಭಾಗಿಸಿ. ಸರಪಳಿಯಲ್ಲದೆ ಬಿಡಿಬಿಡಿಯಾಗಿ ಬರೆದರೆ ಸೈಕಲ್ಲಿಗೆ ಮೂರು ನಾಲ್ಕು ಮುಗಿಯುತ್ತವೆ. ಅದೂ ಸರಿಯಾದ ಉತ್ತರವೇ, ಪ್ರಶ್ನೆ ಬೇರೆ.

ಸರಾಸರಿ ಬೇಡ. ಇಂಟರಪ್ಟ್ ಬಂದರೆ, ಕ್ಯಾಶ್ ತಪ್ಪಿದರೆ ಅಳತೆ ಹೆಚ್ಚುತ್ತದೆ, ಇವುಗಳಿಂದ ಎಂದೂ ಕಡಿಮೆಯಾಗುವುದಿಲ್ಲ. ತಪ್ಪು ಒಂದೇ ಕಡೆಗೆ ವಾಲಿರುವಾಗ ಸರಾಸರಿ ಕೂಡ ಆ ಕಡೆಗೇ ವಾಲುತ್ತದೆ. ಪ್ರೋಗ್ರಾಮನ್ನು ಒಂದೇ ಕೋರಿಗೆ ಕಟ್ಟಿಹಾಕಿ, ಕೋರಿನ ವೇಗ ಏರಿಳಿಯದಂತೆ ನಿಲ್ಲಿಸಿ, ಕೆಲವು ಸಾವಿರ ಸಲ ಅಳೆದು, ಎಲ್ಲಕ್ಕಿಂತ ಚಿಕ್ಕದನ್ನು ಬರೆದುಕೊಳ್ಳಿ. ಬಳಕೆದಾರ ಎಷ್ಟು ಕಾಯುತ್ತಾನೆ ಎಂಬುದು ನಿಮ್ಮ ಪ್ರಶ್ನೆಯಾದರೆ ಮಾತ್ರ ದೊಡ್ಡ ಸಂಖ್ಯೆಗಳನ್ನು ಎಸೆಯಬೇಡಿ. ಆಗ ನೋಡಬೇಕಾದವೇ ಅವು.